ಸಂವಿಧಾನದಲ್ಲಿ ಬರೆಯದೆ ಉಳಿದ ಪದ

ಅಮೆರಿಕದ ಆಡಳಿತ ವ್ಯವಸ್ಥೆಗೆ ಯುರೋಪಿನ ಇಬ್ಬರು ಚಿಂತಕರು ತಳಹದಿ ಒದಗಿಸಿದರೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪ್ರಜೆಗಳ ಸಮ್ಮತಿಯೇ ಸರ್ಕಾರಕ್ಕೆ ಆಧಾರವೆಂದು ಪ್ರತಿಪಾದಿಸಿದವನು ಜಾನ್ ಲಾಕ್. ಅಧಿಕಾರವೆಲ್ಲ ಒಂದೇ ಕೈಯಲ್ಲಿ ಸೇರಬಾರದೆಂದವನು ಮಾಂಟೆಸ್ಕ್ಯೂ. ಮೊದಲನೆಯ ವಿಚಾರ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿಯೂ, ಎರಡನೆಯದು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಚಿತವಾದ ಸಂವಿಧಾನದಲ್ಲಿಯೂ ರೂಪ ಪಡೆದವು.

ಆದರೆ ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ಆ ಸಂವಿಧಾನದ ಮೂಲಪಾಠದಲ್ಲಿ ಗುಲಾಮ, ಗುಲಾಮಗಿರಿ ಎಂಬ ಪದಗಳೇ ಇಲ್ಲ. ಗುಲಾಮರನ್ನು 'ಇತರ ವ್ಯಕ್ತಿಗಳು' ಎಂದು ಕರೆದು, ಪ್ರಾತಿನಿಧ್ಯದ ಲೆಕ್ಕದಲ್ಲಿ ಅಂಥ ಐವರನ್ನು ಮೂವರೆಂದು ಎಣಿಸಿದರು. ಅವರಿಗೆ ಮತವಿರಲಿಲ್ಲ, ಆ ಎಣಿಕೆಯ ಬಲವೆಲ್ಲ ಅವರ ಒಡೆಯರಿದ್ದ ರಾಜ್ಯಗಳಿಗೆ ಸಂದಿತು. ಸಮ್ಮತಿಯ ತತ್ತ್ವ ಅವರ ಪಾಲಿಗೆ ಇಲ್ಲವಾಯಿತು.

'ಗುಲಾಮಗಿರಿ' ಎಂಬ ಪದ ಸಂವಿಧಾನವನ್ನು ಪ್ರವೇಶಿಸಿದ್ದು 1865ರ 13ನೆಯ ತಿದ್ದುಪಡಿಯಲ್ಲಿ, ಅದನ್ನು ರದ್ದುಗೊಳಿಸುವ ಸಲುವಾಗಿ. ತಿದ್ದುಪಡಿಯ ಮಾರ್ಗವನ್ನು ಐದನೆಯ ವಿಧಿ ಮೊದಲೇ ತೆರೆದಿಟ್ಟಿತ್ತು. ಆದರೂ ಆ ದಿನ ಬರಲು ನಾಲ್ಕು ವರ್ಷಗಳ ಅಂತರ್ಯುದ್ಧ ನಡೆಯಬೇಕಾಯಿತು. ಯಾವುದೇ ಸಂವಿಧಾನವನ್ನು ಓದುವಾಗ ಅದು ಹೇಳದೆ ಬಿಟ್ಟದ್ದನ್ನೂ ಹುಡುಕಿ ನೋಡಿರಿ.