ಟೇಲರನ ಮನೆಯ ಕಾಗದಗಳು

ಬೀದರ, ಭಾಲ್ಕಿ, ಔರಾದುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಇಲ್ಲಿಯ ವಿದ್ಯಾರ್ಥಿಗಳಿಗೆ ಚಾರಿತ್ರಿಕ ಕಾದಂಬರಿಯ ಪಾಠ ಹೇಳುವಾಗ, ಅದೇ ನಿಜಾಮರ ಉಪ್ಪುಂಡ ಮೆಡೋಸ್ ಟೇಲರನನ್ನು ನಾನು ನೆನೆಯದಿರುವುದಿಲ್ಲ. ‘ಟಿಪ್ಪೂ ಸುಲ್ತಾನ್’ (1840), ‘ತಾರಾ’ (1863) ಬರೆದವನು ಆತ.

ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದ ಟೇಲರ್ 1824ರಲ್ಲಿ ನಿಜಾಮನ ಸೈನ್ಯ ಸೇರಿದ. ಕಂಪನಿಯ ನೌಕರನಲ್ಲ, ಬಿಳಿಯರ ಪಂಕ್ತಿಯಲ್ಲೂ ಅವನ ಎಲೆ ಕೊನೆಯಲ್ಲೇ. ಆ ನೌಕರಿಯ ಏಳುಬೀಳುಗಳನ್ನು ಆತ ತಂದೆಗೂ, ಸೋದರಸಂಬಂಧಿ ಹೆನ್ರಿ ರೀವ್‌ಗೂ ಬರೆದ. ರೀವ್‌ಗೆ ಬರೆದವು 1947ರಲ್ಲಿ ಅಚ್ಚಾದವು. ತಂದೆಗೆ ಬರೆದವುಗಳ ಭಾಗಗಳು 1877ರ ಆತ್ಮಕಥೆಯಲ್ಲಿವೆ. ಕಚೇರಿಯ ವರದಿಯನ್ನು ಓದುವವನು ಮೇಲಧಿಕಾರಿ, ಮನೆಯ ಕಾಗದವನ್ನು ಅಪ್ಪ. ಬರೆಯುವ ಕೈ ಒಂದೇ ಆದರೂ ದನಿ ಒಂದಾಗಿರುವುದಿಲ್ಲ.

1841ರ ಕೊನೆಗೆ ಸುರಪುರಕ್ಕೆ ಹೋದ ಟೇಲರನನ್ನು ಬಾಲರಾಜ ವೆಂಕಟಪ್ಪ ನಾಯಕ ‘ಅಪ್ಪಾ’ ಎಂದೇ ಕರೆದನಂತೆ. 1853ರಲ್ಲಿ ಸಂಸ್ಥಾನವನ್ನು ಅವನಿಗೊಪ್ಪಿಸಿ ಟೇಲರ್ ಹೊರಟ. 1858ರ ದಂಗೆಯ ನಂತರ ಹೈದರಾಬಾದಿನ ಸೆರೆಯಲ್ಲಿ ಇಬ್ಬರೂ ಮತ್ತೆ ಕಂಡರು. ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆಯಾಯಿತು. ದಾರಿಯಲ್ಲೇ ರಾಜ ಗುಂಡಿಗೆ ಬಲಿಯಾದ. ಆತ್ಮಹತ್ಯೆಯೆಂದು ದಾಖಲೆ.

ಟೇಲರನ ದುಃಖ ನಟನೆಯಲ್ಲ ಎಂದೇ ನನ್ನ ಭಾವನೆ. ಆದರೆ ತಾಯಿ ರಾಣಿ ಈಶ್ವರಮ್ಮನನ್ನು ಆತ ಚಿತ್ರಿಸುವ ರೀತಿ ನನಗೆ ಒಪ್ಪಿಗೆಯಿಲ್ಲ. ಆಕೆಯ ಕೈಯಿಂದ ಅಧಿಕಾರ ಕಸಿದವನೇ ಅವನು. ಅವನ ಕಾಗದಗಳಲ್ಲಿ ಆಕೆಯ ಮಾತು ಅವನ ಬಾಯಿಂದಲೇ ಬರಬೇಕು.