ಕಲ್ಯಾಣದಲ್ಲಿ ಕ್ರೀಡೆಯಾಗಿದ್ದ ಚದುರಂಗ

ಬೀದರಿನ ಕೊಳಾರದಲ್ಲಿ ಚದುರಂಗದ ಹಾಸು ಬಿಚ್ಚಿದರೆ ಅದನ್ನು ಮೂರು ಹೆಸರಿನಿಂದ ಕರೆಯುವವರು ಸಿಗುತ್ತಾರೆ. ಕನ್ನಡದವರಿಗೆ ಚದುರಂಗ, ಉರ್ದು ಮನೆಯವರಿಗೆ ಶತರಂಜ್, ಭಾಲ್ಕಿ, ಔರಾದ್ ಕಡೆಯ ಮರಾಠಿ ಮಾತಿನವರಿಗೆ ಬುದ್ಧಿಬಳ. ಮೊದಲಿನೆರಡು ಒಂದೇ ತಾಯಿಯ ಮಕ್ಕಳು. ಆನೆ, ಕುದುರೆ, ರಥ, ಕಾಲಾಳು ಸೇರಿದ ಸೇನೆಗೆ ಸಂಸ್ಕೃತದಲ್ಲಿ ಚತುರಂಗ. ಅದು ಕನ್ನಡದಲ್ಲಿ ತದ್ಭವವಾಗಿ ಚದುರಂಗವಾಯಿತು. ಇರಾನಿನಲ್ಲಿ ಚತ್ರಂಗ್, ಅರಬರ ಬಾಯಲ್ಲಿ ಶತರಂಜ್ ಆಗಿ, ಫಾರಸಿಯ ಸಂಗಡ ದಖ್ಖನಿಗೆ ಮರಳಿತು. ಬುದ್ಧಿಬಳ ಮಾತ್ರ ಸೇನೆಯನ್ನು ಬಿಟ್ಟು ತಲೆಯನ್ನು ನೆಚ್ಚಿತು.

ಈಗ ತಕರಾರಿರುವುದು ಬೇರೆ ಎರಡು ಪದಗಳ ಬಗ್ಗೆ: ಇದು ಆಟವೋ, ಕ್ರೀಡೆಯೋ? ಬೆವರಿಳಿಯದ್ದು ಕ್ರೀಡೆ ಹೇಗಾದೀತು ಎನ್ನುತ್ತಾರೆ ಕೆಲವರು.

ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 1130ರ ಸುಮಾರಿಗೆ, ಅರಸ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಗ್ರಂಥವನ್ನು ರಚಿಸಿದ. ಐದು ಭಾಗ, ಭಾಗಕ್ಕೆ 20 ಅಧ್ಯಾಯ. ನಾಲ್ಕನೆಯ ಭಾಗ ವಿನೋದಗಳದು, ಐದನೆಯದು ಕ್ರೀಡೆಗಳದು. ಕುಸ್ತಿ ಎಲ್ಲಿದೆ ಗೊತ್ತೆ? ಮಲ್ಲವಿನೋದವೆಂದು ನಾಲ್ಕನೆಯದರಲ್ಲಿ. ಬೇಟೆಯೂ ಅಲ್ಲೇ, ಕುದುರೆಯೇರಿ ಚೆಂಡಾಡುವುದೂ ಅಲ್ಲೇ. ಚದುರಂಗವಾದರೋ ಕ್ರೀಡೆಗಳ ಸಾಲಿನಲ್ಲಿ, ಉಯ್ಯಾಲೆ, ಜಲಕ್ರೀಡೆ, ಒಗಟು, ಪಗಡೆಗಳ ಜೊತೆಗಿದೆ. ಬೆವರು ಅಲ್ಲಿ ಅಳತೆಗೋಲೇ ಅಲ್ಲ.

ಅಳತೆಗೋಲಾಗಲು ಕಾರಣವೂ ಇರಲಿಲ್ಲ. ಕ್ರೀಡೆಯ ಮೂಲ ಧಾತು ‘ಕ್ರೀಡ್’. ಆಡು ಎಂದಷ್ಟೇ ಅದರ ಅರ್ಥ. ನಮ್ಮ ಆಟ ಹುಟ್ಟಿದ್ದೂ ‘ಆಡು’ವಿನಿಂದ. ಓಡಾಡು, ತೂಗಾಡು, ಮಾತಾಡು ಎಲ್ಲದರಲ್ಲೂ ಆ ‘ಆಡು’ ಇದೆ; ಬಯಲಾಟ, ಕೋಲಾಟಗಳೂ ಅದರವೇ. ಶಾಲೆಗೆ ಮೈದಾನ, ಊರಿಗೆ ಕ್ರೀಡಾಕೂಟ, ಸರ್ಕಾರಕ್ಕೆ ಕ್ರೀಡಾ ಇಲಾಖೆ ಬಂದಮೇಲೆ ‘ಸ್ಪೋರ್ಟ್ಸ್’ ಎಂಬುದರ ಹೊರೆಯನ್ನು ಕ್ರೀಡೆ ಹೊತ್ತುಕೊಂಡಿತು. ಪದದ ಹರವು ಕಿರಿದಾಯಿತು, ಆಟ ಹುಡುಗಾಟಿಕೆಯ ಕಡೆ ಸರಿಯಿತು. ನನಗೆ ಇದು ನಷ್ಟವೆಂದೇ ಅನಿಸುತ್ತದೆ.

ಹೀಗೆ ಕಿರಿದಾದ ಅರ್ಥದಲ್ಲೂ ಚದುರಂಗ ಕ್ರೀಡೆಯೇ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ವಿಶ್ವ ಚೆಸ್ ಒಕ್ಕೂಟಕ್ಕೆ 1999ರಲ್ಲಿ ಮಾನ್ಯತೆ ಕೊಟ್ಟಿತು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಚೆಸ್‌ಗೆ ಪದಕಗಳಿದ್ದವು. ಅದಕ್ಕೂ ಮೊದಲೇ ನಮ್ಮ ದೇಶ ತನ್ನ ಮೊಟ್ಟಮೊದಲ ಖೇಲ್ ರತ್ನವನ್ನು, 1991–92ರ ಸಾಲಿನದನ್ನು, ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರಿಗೆ ಕೊಟ್ಟಿತ್ತು. ಖೇಲ್ ಎಂದರೂ ಆಟವೇ.

ಹಾಗಾಗಿ ಔರಾದಿನ ಶಾಲೆಯಲ್ಲಿ ವಾಲಿಬಾಲ್ ಇಡುವ ಕಪಾಟಿನಲ್ಲೇ ಚದುರಂಗದ ಕಾಯಿಗಳಿಗೂ ಜಾಗವಿರಬೇಕು. ಪಂದ್ಯಕ್ಕೆ ಹೋಗುವ ಮಗುವಿಗೆ ಕಬಡ್ಡಿ ತಂಡಕ್ಕೆ ಕೊಡುವ ಬಸ್ ಖರ್ಚು, ಹಾಜರಾತಿ ಎರಡೂ ಸಿಗಬೇಕು.