ಜ್ವಾಲಾಮುಖಿಯ ಬೂದಿ ಮತ್ತು ಸಾಗರದ ಫಲವತ್ತತೆ

ಸ್ಫೋಟಕ ಜ್ವಾಲಾಮುಖಿಗಳಿಂದ ಚಿಮ್ಮಿ, ಗಾಳಿಯೊಡನೆ ಬಹುದೂರ ಸಾಗಿ ಕಡಲಿನ ಮೇಲೆ ಉದುರುವ ಬೂದಿಯು, ತಾನು ಹೊತ್ತುತಂದ ಕಬ್ಬಿಣವೇ ಮೊದಲಾದ ಪೋಷಕಾಂಶಗಳನ್ನು ಮೇಲ್ನೀರಿಗೆ ಬಿಟ್ಟುಕೊಟ್ಟು, ಅಲ್ಲಿ ತೇಲುತ್ತ ಬದುಕುವ ಸಸ್ಯಪ್ಲವಕಗಳ ಬೆಳವಣಿಗೆಯನ್ನು ಉದ್ದೀಪಿಸುವುದುಂಟು. ಈ ಬೂದಿಯು 2 ಮಿ.ಮೀ.ಗಿಂತ ಕಿರಿದಾದ ಶಿಲೆ, ಖನಿಜ ಮತ್ತು ಗಾಜಿನ ಚೂರುಗಳ ಸಮೂಹ.

ಕಬ್ಬಿಣದ ಅಭಾವ

ಉತ್ತರ ಪೆಸಿಫಿಕ್ಕಿನ ಉಪಧ್ರುವ ಪ್ರದೇಶ, ಭೂಮಧ್ಯರೇಖೆಯ ಬಳಿಯ ಪೂರ್ವ ಪೆಸಿಫಿಕ್, ದಕ್ಷಿಣ ಮಹಾಸಾಗರ ಇವುಗಳಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳು ಬಳಕೆಯಾಗದೆ ಉಳಿದಿದ್ದರೂ ಪ್ಲವಕಗಳು ವಿರಳ. ಇದಕ್ಕೆ ಕಬ್ಬಿಣದ ಕೊರತೆಯೇ ಕಾರಣವೆಂಬುದನ್ನು ಈಶಾನ್ಯ ಪೆಸಿಫಿಕ್ಕಿನ ನೀರಿನ ಮೇಲೆ ನಡೆಸಿದ ಪ್ರಯೋಗಗಳ ಆಧಾರದಿಂದ ಜಾನ್ ಮಾರ್ಟಿನ್ ಮತ್ತು ಸ್ಟೀವ್ ಫಿಟ್ಸ್‌ವಾಟರ್ 1988ರಲ್ಲಿ ಮಂಡಿಸಿದರು.

ಲವಣಲೇಪದ ರಸಾಯನ

ಬೂದಿಯ ಕಣದ ಒಡಲಾದ ಗಾಜು ಕಡಲಿನ ನೀರಿನಲ್ಲಿ ಅತಿ ನಿಧಾನವಾಗಿ ಕರಗುವಂಥದು. ಕಣವು ಮೇಲ್ನೀರನ್ನು ದಾಟಿ ಮುಳುಗುವ ಅಲ್ಪಾವಧಿಯಲ್ಲಿ ಅದರಿಂದ ದೊರೆಯುವ ಕಬ್ಬಿಣ ಅತ್ಯಲ್ಪ. ತಕ್ಷಣದ ಫಲವನ್ನು ಕೊಡುವುದು ಕಣದ ಮೈಮೇಲಣ ತೆಳುವಾದ ಲವಣಲೇಪವೇ. ಸ್ಫೋಟದ ಧೂಮಸ್ತಂಭದಲ್ಲಿ ಗಂಧಕದ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಫ್ಲೋರೈಡ್ ಮುಂತಾದ ಅನಿಲಗಳು ಬೂದಿಯೊಡನೆ ಬೆರೆತೇ ಮೇಲೇರುತ್ತವೆ. ಅವುಗಳಿಂದ ಹುಟ್ಟಿದ ಆಮ್ಲಗಳು ಕಣಗಳ ಮೇಲ್ಮೈಯನ್ನು ಕೊರೆದು, ಒಳಗಿನ ಲೋಹಗಳನ್ನು ಸಲ್ಫೇಟ್, ಕ್ಲೋರೈಡ್, ಫ್ಲೋರೈಡುಗಳ ರೂಪಕ್ಕೆ ತಂದು ಮೈಗೇ ಅಂಟಿಸುತ್ತವೆ. ಈ ಲೇಪ ನೀರು ಸೋಕಿದ ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಬಹುಮಟ್ಟಿಗೆ ಕರಗಿಬಿಡುತ್ತದೆ. ಐಸ್‌ಲೆಂಡಿನ ಹೆಕ್ಲಾ ಪರ್ವತವು 2000ದಲ್ಲಿ ಉಗುಳಿದ ಬೂದಿಯನ್ನು ಕಡಲಿನ ನೀರಿಗೆ ಒಡ್ಡಿ ಪರೀಕ್ಷಿಸಿದ ಫ್ರಾಗ್ನರ್, ಗಿಸ್ಲಾಸನ್ ಮತ್ತು ಓಸ್ಕರ್‌ಸನ್ ಕಬ್ಬಿಣ, ಫಾಸ್ಫೇಟ್, ಸಿಲಿಕ ಮೊದಲಾದವು ಶೀಘ್ರವಾಗಿ ಬಿಡುಗಡೆಯಾಗುವುದನ್ನು 2001ರಲ್ಲಿ ವರದಿಮಾಡಿದರು. ಒಮ್ಮೆ ಮಳೆಯಲ್ಲಿ ತೊಳೆದುಹೋದ ಬೂದಿಗೆ ಈ ಗುಣ ಬಹಳಮಟ್ಟಿಗೆ ಇಲ್ಲವಾಗುವುದರಿಂದ, ನೆಲದ ಮೇಲೆ ಹಳೆಯದಾದ ಬೂದಿಯಿಂದ ಕಡಲಿನ ಪರಿಣಾಮವನ್ನು ಅಳೆಯುವುದು ಯುಕ್ತವಲ್ಲ. ಅದೇ ಲೇಪದಲ್ಲಿ ಆಮ್ಲವೂ ತಾಮ್ರದಂಥ ಲೋಹಗಳೂ ಇರುವುದರಿಂದ ಬೂದಿ ದಟ್ಟವಾಗಿ ಬಿದ್ದೆಡೆ ಪ್ಲವಕಗಳಿಗೆ ಹಾನಿಯೂ ಆಗಬಹುದು.

ಕಸಾಟೋಚಿ, 2008

ಅಲಾಸ್ಕದ ಅಲ್ಯೂಷಿಯನ್ ಸರಣಿಯ ಕಸಾಟೋಚಿ ಎಂಬ ಪುಟ್ಟ ದ್ವೀಪಪರ್ವತವು 2008ರ ಆಗಸ್ಟ್ 7–8ರಂದು ಸ್ಫೋಟಿಸಿದಾಗ, ಬಿರುಗಾಳಿಯೊಂದು ಅದರ ಬೂದಿಯನ್ನು ಈಶಾನ್ಯ ಪೆಸಿಫಿಕ್ಕಿನ ವಿಶಾಲ ಭಾಗದ ಮೇಲೆ ಹರಡಿತು. ಕೆಲವೇ ದಿನಗಳಲ್ಲಿ ಪತ್ರಹರಿತ್ತಿನ ಅಸಾಧಾರಣ ಏರಿಕೆಯನ್ನು ಉಪಗ್ರಹಗಳು ಕಂಡವು. ಉತ್ತರ ಅಕ್ಷಾಂಶ 50°, ಪಶ್ಚಿಮ ರೇಖಾಂಶ 145°ಯಲ್ಲಿರುವ ‘ಪಾಪಾ’ ವೀಕ್ಷಣಾ ನೆಲೆಯ ತೇಲುಯಂತ್ರವು ಮೇಲ್ನೀರಿನ ಇಂಗಾಲದ ಡೈಆಕ್ಸೈಡ್ ಇಳಿದುದನ್ನು ದಾಖಲಿಸಿತು. ಆದರೆ ರಾಬರ್ಟಾ ಹ್ಯಾಮಿ ಮತ್ತು ಸಂಗಡಿಗರು 2010ರಲ್ಲಿ ಅಂದಾಜಿಸಿದಂತೆ ಕಡಲು ಹೀರಿದ ಇಂಗಾಲ ಸುಮಾರು ಒಂದು ಕೋಟಿ ಟನ್ ಮಾತ್ರ. ಮಾನವನು ಇಂಧನ ಉರಿಸಿ ವರ್ಷವೊಂದರಲ್ಲಿ ಹೊರಬಿಡುವುದರ ಸುಮಾರು ಸಾವಿರದಲ್ಲೊಂದು ಪಾಲು. ಕೆನಡದ ಫ್ರೇಸರ್ ನದಿಗೆ 2010ರಲ್ಲಿ ಸಾಕೈ ಸಾಲ್ಮನ್ ಮೀನು ವಿಪುಲವಾಗಿ ಮರಳಿದುದಕ್ಕೂ ಈ ಬೂದಿಯೇ ಕಾರಣವೆಂದು ಪಾರ್ಸನ್ಸ್ ಮತ್ತು ವಿಟ್ನಿ ಸೂಚಿಸಿದರಾದರೂ ಆ ವಾದ ಸರ್ವಸಮ್ಮತವಾಗಿಲ್ಲ.

ಇತರ ನಿದರ್ಶನಗಳು

2010ರಲ್ಲಿ ಐಸ್‌ಲೆಂಡಿನ ಏಯಾಫ್ಯಾಟ್ಲಾಯೋಕುಟ್ಲ್ ಬೂದಿಯಿಂದ ಉತ್ತರ ಅಟ್ಲಾಂಟಿಕ್ಕಿನಲ್ಲಿ ಕಬ್ಬಿಣ ಹೆಚ್ಚಿದರೂ, ಅಲ್ಲಿ ನೈಟ್ರೇಟ್ ಬೇಗನೆ ತೀರಿಹೋದುದರಿಂದ ಬೆಳೆ ಮಿತವಾಗಿಯೇ ಉಳಿಯಿತು. ಹವಾಯಿಯ ಕಿಲವೇಯದ ಬಳಿ 2018ರಲ್ಲಿ ಕಂಡ ಹಸಿರು ಬೂದಿಯ ಫಲವಲ್ಲ; ಕಡಲಿಗಿಳಿದ ಲಾವಾ ಆಳದ ನೀರನ್ನು ಕಾಯಿಸಿ ಮೇಲೆಬ್ಬಿಸಿದಾಗ ಅದರೊಡನೆ ಬಂದ ನೈಟ್ರೇಟಿನ ಫಲ.

ಮಹತ್ತ್ವ

ಈ ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ, ಫಲವನ್ನು ನಿರ್ಣಯಿಸುವುದು ಬೂದಿಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದನ್ನು ಸ್ವೀಕರಿಸುವ ಕಡಲಿನ ಅಂದಿನ ಕೊರತೆಯೇ ಎಂದು ಹೇಳಬಹುದು. 1991ರ ಪಿನಟೂಬೊ ಸ್ಫೋಟದ ಬಳಿಕ ವಾತಾವರಣದ ಇಂಗಾಲದ ಡೈಆಕ್ಸೈಡ್ ಏರುವ ವೇಗ ತಗ್ಗಿದುದನ್ನು ಕೆಲವರು ದಕ್ಷಿಣ ಮಹಾಸಾಗರಕ್ಕೆ ಒದಗಿದ ಕಬ್ಬಿಣದೊಡನೆ ಸಂಬಂಧಿಸಿದ್ದಾರೆ. ಆದರೆ ಅದೇ ಸ್ಫೋಟದಿಂದ ಭೂಮಿ ತಂಪಾಗಿ, ಚದರಿದ ಬಿಸಿಲು ನೆಲದ ಸಸ್ಯಗಳಿಗೆ ಅನುಕೂಲಿಸಿದ್ದೂ ಕಾರಣವಾಗಿರಬಹುದಾದ್ದರಿಂದ, ಆ ಫಲವನ್ನೆಲ್ಲ ಕಡಲಿನ ಪಾಲಿಗೇ ಬರೆಯುವುದು ಸಾಧುವಲ್ಲ.